ಅತ್ತೆಯ ಗುಮಾಸ್ತ

ನಮ್ಮತ್ತೆ ನನ್ನನ್ನು ಕರೆಯುವುದು ‘ಹದಿನಾರು’ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ, ಬಾಳಿಕೆ ಬಂದದ್ದು ಮಾತ್ರ ಇವರಿಟ್ಟದ್ದು. ನನ್ನ ಮದುವೆಗೆ ಆರು ವರ್ಷ ಮೊದಲು ಅವರ ಟೈಪಿಂಗ್ ಕ್ಲಾಸಿಗೆ ಸೇರಿದ್ದೆ. ಮೊದಲನೇ ತಿಂಗಳ ಕೊನೆಗೆ ಒಂದು ಪತ್ರವನ್ನು ತಪ್ಪಿಲ್ಲದೆ ಹೊಡೆಯಲು ಹೇಳಿದರು. ನಾನು ಹದಿನಾರು ಹಾಳೆ ಕೆಡಿಸಿದೆ. ಅವರ ಕ್ಲಾಸಿನಲ್ಲಿ ರಬ್ಬರಿನಲ್ಲಿ ಅಳಿಸುವುದು, ಬಿಳಿ ಬಣ್ಣ ಬಳಿಯುವುದು, ತಪ್ಪಿನ ಮೇಲೆ ಸರಿಯಾದ ಅಕ್ಷರ ಕುಟ್ಟುವುದು ಯಾವುದೂ ನಡೆಯುತ್ತಿರಲಿಲ್ಲ. ಹನ್ನೆರಡು ಮಷೀನುಗಳ ಸದ್ದಿನಲ್ಲೂ ಯಾರದೋ ಒಂದು ಬೆರಳು ಜಾರಿದ್ದು ಅವರಿಗೆ ಹೇಗೋ ಗೊತ್ತಾಗುತ್ತಿತ್ತು. ಬೆನ್ನ ಹಿಂದೆ ಬಂದು ನಿಂತು “ಹಾಳೆ ತೆಗಿ” ಎನ್ನುತ್ತಿದ್ದರು. ತೆಗೆಯಬೇಕು, ಹೊಸದು ಸಿಕ್ಕಿಸಬೇಕು, ಮೊದಲ ಅಕ್ಷರದಿಂದ ಮತ್ತೆ ಶುರು ಮಾಡಬೇಕು. ಹದಿನಾರನೆಯದನ್ನು ತೆಗೆಯುವಾಗ ನಾನು ಅತ್ತೇಬಿಟ್ಟೆ. ಹದಿನೇಳನೆಯದಕ್ಕೆ ಅವರ ಸಹಿ ಬಿತ್ತು. ಅವರ ಮಗನನ್ನು ಕಟ್ಟಿಕೊಂಡದ್ದು ಆಮೇಲಿನ ಮಾತು.

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಶುದ್ಧ ಸುಳ್ಳು. ನಮ್ಮತ್ತೆಯಷ್ಟು ಮಾತು ಬಲ್ಲವರನ್ನು ನಾನು ಕಂಡಿಲ್ಲ, ನಮ್ಮಿಬ್ಬರಷ್ಟು ಜಗಳವಾಡುವವರನ್ನೂ ಕಂಡಿಲ್ಲ. ಬೆಳಿಗ್ಗೆ ಹಾಲು ಉಕ್ಕಿದರೆ ಒಂದು, ನಾನು ಸಂಜೆ ಹತ್ತು ನಿಮಿಷ ತಡವಾಗಿ ಬಂದರೆ ಇನ್ನೊಂದು. ನಾನು ಒಂದು ಅಂದರೆ ಅದು ನೆಲಕ್ಕೆ ಬೀಳುವ ಮೊದಲೇ ಅವರದು ಎರಡು. ನನ್ನ ಗಂಡ ಪಾಪ ನಡುವೆ ತಟ್ಟೆ ಹಿಡಿದುಕೊಂಡು ಒಮ್ಮೆ ಅತ್ತ, ಒಮ್ಮೆ ಇತ್ತ ಕತ್ತು ತಿರುಗಿಸುತ್ತ ಊಟ ಮುಗಿಸುತ್ತಿದ್ದರು. ಕೊನೆಗೆ ಯಾರಾದರೊಬ್ಬರಿಗೆ ನಗು ತಡೆಯಲಾಗುತ್ತಿರಲಿಲ್ಲ. ಆ ಮನೆಯಲ್ಲಿ ನಾನು ಸುಖವಾಗಿದ್ದೆ ಎಂದು ಹೇಳಲು ನನಗೆ ಇಷ್ಟು ಸಾಕು.

ಹೋದ ವರ್ಷ ಅವರ ಗಂಟಲಲ್ಲಿ ಗಡ್ಡೆ ಕಂಡಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಊಟ, ಓಡಾಟ, ಕಣ್ಣಿನ ಚುರುಕು ಎಲ್ಲ ಮೊದಲಿನ ಹಾಗೇ ಉಳಿಯಿತು. ದನಿ ಹೋಯಿತು.

ನಾನು ಹಳೆಯ ಕಂಪ್ಯೂಟರ್ ರಿಪೇರಿ ಮಾಡುವವಳು. ಜನ ಎಸೆಯಲು ತರುವ ಮಷೀನುಗಳಿಗೆ ವಿಂಡೋಸ್ ಬದಲು ಹಗುರಾದ ಲಿನಕ್ಸ್ ಹಾಕಿ ಇನ್ನೈದು ವರ್ಷ ಓಡಿಸುವುದು ನನ್ನ ಕಸುಬು, ನನ್ನ ಹುಚ್ಚು ಕೂಡ. ಹಾಗಾಗಿ ಅತ್ತೆಗೆ ಮಾತಿನ ಯಂತ್ರ ಮಾಡಿಕೊಟ್ಟವಳೂ ನಾನೇ. ಒಂದು ಪುಟ್ಟ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಬರೆದದ್ದನ್ನು ಗಟ್ಟಿಯಾಗಿ ಓದುತ್ತದೆ. ಓದುವ ದನಿ ಮಾತ್ರ ಗಂಡಸಿನದು, ಮೂಗಿನಲ್ಲಿ ಮಾತಾಡುವಂಥದ್ದು. ನಗುವನ್ನೂ ಸಾವಿನ ಸುದ್ದಿಯನ್ನೂ ಒಂದೇ ರಾಗದಲ್ಲಿ ಓದುತ್ತದೆ. ಮೊದಲ ದಿನ ಅದನ್ನು ಕೇಳಿ ಅತ್ತೆ ಟೈಪ್ ಮಾಡಿದ್ದು, “ಯಾವ ಆಫೀಸಿನ ಗುಮಾಸ್ತನ್ನ ಹಿಡ್ಕೊಂಡ್ ಬಂದೆ ಕಣೇ?” ಅಂದಿನಿಂದ ಅವನು ಗುಮಾಸ್ತನಾದ.

“ಹೊಸ ಲ್ಯಾಪ್‌ಟಾಪೇ ತರೋಣ ಬಿಡು,” ಎಂದರು ನನ್ನ ಗಂಡ. ತಂದೂ ತಂದರು. ಅತ್ತೆ ಅದರ ಮೇಲೆ ಹತ್ತೂ ಬೆರಳು ಇಟ್ಟು ಎರಡು ಸಾಲು ಹೊಡೆದು ಮುಚ್ಚಿದರು. ಕೀಗಳು ತಗಡಿನ ಹಾಗೆ ಚಪ್ಪಟೆ, ಒತ್ತಿದ್ದು ಬೆರಳಿಗೆ ಗೊತ್ತೇ ಆಗುವುದಿಲ್ಲ. ಮೊಬೈಲು ಕೊಟ್ಟರೆ, ಹೆಬ್ಬೆರಳಲ್ಲಿ ಕುಕ್ಕುವುದು ತಮ್ಮ ಜನ್ಮಕ್ಕೇ ಅವಮಾನ ಎಂಬ ಮುಖ. ಹಳೆಯದರ ಕೀಗಳು ಆಳಕ್ಕೆ ಇಳಿಯುತ್ತಿದ್ದವು, ಟೈಪ್‌ರೈಟರಿನಷ್ಟಲ್ಲದಿದ್ದರೂ ಅದರ ದೂರದ ನೆಂಟನಷ್ಟು. ಅಡುಗೆಮನೆಯಿಂದ ಹಜಾರಕ್ಕೆ ಕಂಕುಳಲ್ಲಿ ಇಟ್ಟುಕೊಂಡು ಓಡಾಡಬಹುದಿತ್ತು. ಸರಿ, ಅದೇ ಉಳಿಯಿತು. ಅದರಲ್ಲಿ ಮೆಮೊರಿ ಇದ್ದದ್ದು ಒಂದೇ ಜಿಬಿ, ಅದೂ ಬೋರ್ಡಿಗೇ ಬೆಸೆದದ್ದು, ಹೆಚ್ಚಿಸುವಂತಿಲ್ಲ. ಅವಸರದಲ್ಲಿ ನಾನು ಅದಕ್ಕೆ ನೋಡಲು ಚೆಂದವಾದ ಒಂದು ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲೆ ಕಾಣುವ ಕಿಟಕಿ ಮೆನುಗಳ ಸಜ್ಜು, ಹಾಕಿಬಿಟ್ಟಿದ್ದೆ. ಕಿಟಕಿಗಳಿಗೆ ನೆರಳು, ತೆರೆಯುವಾಗ ಬಳುಕು. ಎಂಟರ್ ಒತ್ತಿದ ಮೇಲೆ ಗುಮಾಸ್ತ ಬಾಯಿ ಬಿಡಲು ನಾಲ್ಕು ಸೆಕೆಂಡು. ನಾಲ್ಕು ಸೆಕೆಂಡು ತಾನೇ ಎಂದುಕೊಂಡಿದ್ದೆ.

ಆ ನಾಲ್ಕು ಸೆಕೆಂಡಿನ ಬೆಲೆ ನನಗೆ ತಿಳಿದದ್ದು ಚಿಕ್ಕತ್ತೆ ಬಂದ ದಿನ. ಚಿಕ್ಕತ್ತೆ ಅಂದರೆ ಅತ್ತೆಯ ತಂಗಿ. ಬಾಯಿ ತೆರೆದರೆ ಮುಚ್ಚಲು ಕೀಲಿಕೈ ಬೇಕು. ಅವರ ಬಳಿ ಒಂದು ನಾಯಿಯ ಕಥೆ ಇದೆ. ಅಕ್ಕ ತಂಗಿ ಇಬ್ಬರೂ ಚಿಕ್ಕವರು, ಶಾಲೆ ಬಿಟ್ಟು ಬರುತ್ತಿದ್ದಾರೆ, ಗಲ್ಲಿಯ ತಿರುವಿನಲ್ಲಿ ಒಂದು ನಾಯಿ ಅಟ್ಟಿಸಿಕೊಂಡು ಬರುತ್ತದೆ, ಅಕ್ಕ ಗೋಡೆಗೆ ಅಂಟಿಕೊಂಡು ನಡುಗುತ್ತಾಳೆ, ತಂಗಿ ಚೀಲ ಬೀಸುತ್ತ ನಡುವೆ ನಿಲ್ಲುತ್ತಾಳೆ. “ನಾಯಿ ಬಾಯಿ ತೆಗೆದು ನನ್ ಮೇಲೇ ಹಾರ್ತು!” ಎಂದು ಚಿಕ್ಕತ್ತೆ ಉಸಿರು ಎಳೆದುಕೊಳ್ಳುತ್ತಾರೆ. ಆ ಉಸಿರಿನ ಸಂದಿಯಲ್ಲೇ ಅತ್ತೆ, ಕೈಲಿದ್ದ ಕೆಲಸದಿಂದ ತಲೆಯೆತ್ತದೆ ಹೇಳಬೇಕು: “ಆ ನಾಯಿಗೆ ಹಲ್ಲೇ ಇರ್ಲಿಲ್ಲ.” ಆಗ ಚಿಕ್ಕತ್ತೆ, “ಇತ್ತು! ನಾಲ್ಕಿತ್ತು! ನಾನೇ ಎಣಿಸಿದೀನಿ!” ಎಂದು ಕೂಗಬೇಕು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಬೇಕು. ಅರವತ್ತು ವರ್ಷದಿಂದ ನಡೆದು ಬಂದದ್ದು ಹೀಗೆ. ನಾನೇ ನೂರು ಸಲ ಕೇಳಿರಬೇಕು, ನೂರು ಸಲವೂ ನಕ್ಕಿದ್ದೇನೆ.

ಆ ದಿನ ಚಿಕ್ಕತ್ತೆ ಉಸಿರು ಎಳೆದುಕೊಂಡರು. ಅತ್ತೆ ಟೈಪ್ ಮಾಡುತ್ತಿದ್ದರು. ಚಿಕ್ಕತ್ತೆ ಕಾದರು, ಪಾಪ, ಉಸಿರು ಎಷ್ಟು ಹೊತ್ತು ಹಿಡಿದಾರು? ಬಿಟ್ಟರು. ಆ ಮೌನ ತುಂಬಲು ಬೇರೆ ಮಾತು ತೆಗೆದರು. ಅವರ ಪಕ್ಕದ ಮನೆಯ ಯಜಮಾನರು ಹೋದ ವಾರ ತೀರಿಕೊಂಡರಂತೆ, ಒಳ್ಳೆಯ ಮನುಷ್ಯ, ಯಾರಿಗೂ ಒಂದು ಗಡಸು ಮಾತಾಡಿದವರಲ್ಲ. ಆಗ ಗುಮಾಸ್ತ ತನ್ನ ಮೂಗಿನ ದನಿಯಲ್ಲಿ ಘೋಷಿಸಿದ. “ಆ ನಾಯಿಗೆ ಹಲ್ಲೇ ಇರ್ಲಿಲ್ಲ.”

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗಾಯಿತು. ಯಾರೂ ನಗಲಿಲ್ಲ. ಚಿಕ್ಕತ್ತೆ ಅಕ್ಕನ ಕೈ ಸವರಿ, “ಹೌದಕ್ಕಾ, ಇರ್ಲಿಲ್ಲ,” ಎಂದರು ಮೆಲ್ಲಗೆ. ಅರವತ್ತು ವರ್ಷದಲ್ಲಿ ಮೊದಲ ಸಲ ಒಪ್ಪಿಕೊಂಡರು. ಅತ್ತೆಯ ಮುಖ ನೋಡಲು ನನ್ನಿಂದಾಗಲಿಲ್ಲ. ಅವರು ಸೋತಿದ್ದರೆ ತಡೆದುಕೊಳ್ಳುತ್ತಿದ್ದರು, ಕನಿಕರಕ್ಕೆ ಗೆದ್ದದ್ದನ್ನು ತಡೆದುಕೊಳ್ಳಲಿಲ್ಲ.

ತಂಗಿ ಹೋದ ಮೇಲೆ ಅತ್ತೆ ನನ್ನನ್ನು ಕೂರಿಸಿಕೊಂಡು ಗುಮಾಸ್ತನ ಕೈಲಿ ಹೇಳಿಸಿದರು. “ಎರಡು ವಾರ ಬಿಟ್ಟು ಭಾನುವಾರ ಮತ್ತೆ ಬರ್ತಾಳೆ. ಆವತ್ತೂ ಹೀಗೇ ಆದ್ರೆ ಇವನನ್ನ ಕಪಾಟಲ್ಲಿ ಇಟ್ಟು ಬೀಗ ಹಾಕು. ಬಂದೋರ ಮುಂದೆ ತಲೆ ಆಡಿಸ್ಕೊಂಡು ಕೂರ್ತೀನಿ. ಎಷ್ಟೋ ಜನ ಹಾಗೇ ಬದುಕ್ತಾರೆ.”

ಬದುಕುತ್ತಾರೇನೋ. ನಮ್ಮತ್ತೆ ತಲೆಯಾಡಿಸಿಕೊಂಡು ಕೂತ ಮನೆಯಲ್ಲಿ ನಾನು ಹೇಗೆ ಬದುಕುವುದು? ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಮಷೀನಿನ ಮೇಲೆ ತೀರಿಸಿಕೊಳ್ಳಲು ಹೊರಟೆ. ನಾಲ್ಕು ಸೆಕೆಂಡಲ್ಲವೇ, ಅದನ್ನು ಅರ್ಧ ಸೆಕೆಂಡಿಗೆ ಇಳಿಸದಿದ್ದರೆ ನಾನು ಹದಿನಾರೇ ಅಲ್ಲ ಎಂದುಕೊಂಡೆ. ಆ ಒಂದು ಮಾತನ್ನು ಮಾತ್ರ ಒಂದು ಕೀಗೆ ಕಟ್ಟಿಕೊಡುತ್ತೇನೆ, ಒತ್ತಿದರೆ ಸಾಕು ಎಂದು ಕೇಳಿಯೂ ನೋಡಿದೆ. “ಡಬ್ಬೀಲಿ ತುಂಬಿಟ್ಟ ಮಾತಿಗೆ ಯಾರು ನಗ್ತಾರೆ?” ಎಂದು ಬೈಸಿಕೊಂಡೆ.

ಕಂಪ್ಯೂಟರಿನ ಮೆಮೊರಿ ಎಂದರೆ ಮೇಜಿನ ಮೇಲಿನ ಜಾಗ ಇದ್ದ ಹಾಗೆ. ಡೆಸ್ಕ್‌ಟಾಪ್ ತನ್ನ ಅಲಂಕಾರವನ್ನೆಲ್ಲ ಅದರ ಮೇಲೇ ಹರಡಿಕೊಂಡರೆ ಬೇರೆಯವರ ಸಾಮಾನು ಕಪಾಟಿಗೆ ಹೋಗುತ್ತದೆ. ಗುಮಾಸ್ತನ ಸಾಮಾನು ಹೋಗಿದ್ದು ಹಾಗೆ. ಪ್ರತಿ ಮಾತಿಗೂ ಅವನು ಎದ್ದು ಹೋಗಿ ಕಪಾಟು ತೆಗೆದು, ಅಂದರೆ ನಿಧಾನದ ಹಾರ್ಡ್‌ಡಿಸ್ಕಿನಿಂದ, ತರಬೇಕಿತ್ತು. ಹಾಗಾದರೆ ಕಡಿಮೆ ಜಾಗದಲ್ಲಿ ಕೂರುವ ಡೆಸ್ಕ್‌ಟಾಪ್ ಯಾವುದು? ಅತ್ತೆಯ ಕ್ಲಾಸಿನ ಹಳೆಯ ಸ್ಟಾಪ್‌ವಾಚನ್ನು ಕೊರಳಿಗೆ ಹಾಕಿಕೊಂಡೆ. ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದೆ. ಅಂಗಡಿಗೆ ಹೋಗುವ ಮುಂಚೆ ಎರಡು ಗಂಟೆ, ಬಂದ ಮೇಲೆ ಎರಡು ಗಂಟೆ, ಊಟದ ಮೇಜಿನ ಮೇಲೇ ಪರೀಕ್ಷೆ ಶುರುವಾಯಿತು.

ಮೊದಲಿನಿಂದ ಇದ್ದ ಚೆಂದದ್ದಕ್ಕೆ ಅತ್ತೆ ‘ಮದುವೆಮನೆ’ ಎಂದು ಹೆಸರಿಟ್ಟರು. ಸುಮ್ಮನೆ ಕೂತಾಗಲೇ ಏಳುನೂರು ಎಂಬಿ ನುಂಗುತ್ತಿತ್ತು. ಎರಡನೆಯದು ಎಕ್ಸ್‌ಎಫ್‌ಸಿಇ. ಅಚ್ಚುಕಟ್ಟು, ಬೇಕಾದ್ದೆಲ್ಲ ಮನೆಯಲ್ಲೇ ಇದೆ, ಅತಿಯಿಲ್ಲ, ಕೊರತೆಯಿಲ್ಲ. ಅದು ‘ಸಂಸಾರಸ್ಥ’. ಮೂರನೆಯದು ಎಲ್‌ಎಕ್ಸ್‌ಕ್ಯೂಟಿ. ಇನ್ನೂ ಚಿಕ್ಕ ಸಾಮಾನಿನಲ್ಲಿ ಕಾಲ ಹಾಕುತ್ತದೆ. ಅದು ‘ಬ್ರಹ್ಮಚಾರಿ’. ಕೊನೆಯದು ಐಸ್‌ಡಬ್ಲ್ಯೂಎಂ. ಕೆಳಗೊಂದು ಪಟ್ಟಿ, ಮೂಲೆಯಲ್ಲೊಂದು ಮೆನು, ಮಿಕ್ಕದ್ದೆಲ್ಲ ಬಯಲು. ನೋಡಿದ ಕೂಡಲೇ ಅತ್ತೆ ಕೈಮುಗಿದರು. ಅದು ‘ಸನ್ಯಾಸಿ’.

ಮದುವೆಮನೆ ತೆರೆದುಕೊಳ್ಳಲು ಒಂದೂಮುಕ್ಕಾಲು ನಿಮಿಷ, ಮಾತಿಗೆ ನಾಲ್ಕು ಸೆಕೆಂಡು. ಸಂಸಾರಸ್ಥ ಮಾತಿಗೆ ಎರಡೂವರೆ. ಬ್ರಹ್ಮಚಾರಿ ಎರಡೂಕಾಲು. ಸನ್ಯಾಸಿಯ ಮೇಲೆ ನನಗೆ ದೊಡ್ಡ ನಂಬಿಕೆಯಿತ್ತು. ಅವನೂ ಎರಡು ಸೆಕೆಂಡಿಗೆ ಒಂದು ಕೂದಲೂ ಕಡಿಮೆ ಬರಲಿಲ್ಲ. ಐದು ದಿನ ಅಳೆದೂ ಸುರಿದೂ ನೋಡಿದೆ. ಪ್ರತಿಯೊಂದನ್ನೂ ಹತ್ತು ಸಲ ಅಳೆದೆ. ಎಲ್ಲರೂ ಎರಡರ ಹೊಸ್ತಿಲಲ್ಲೇ ನಿಂತರು. ಇದು ಹೇಗೆ ಸಾಧ್ಯವೆಂದು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಅತ್ತೆ ಹಿಂದಿನಿಂದ ಬಂದು ಪರದೆಯನ್ನು ಇಣುಕಿದರು. ಮೂಲೆಯಲ್ಲಿ ಹಸಿರು ಗೆರೆಗಳು ಏರಿಳಿಯುವ ಒಂದು ಚಿಕ್ಕ ಕಿಟಕಿಯಿತ್ತು. ಅದನ್ನು ಬೆರಳಿಂದ ತೋರಿಸಿ ಹುಬ್ಬು ಏರಿಸಿದರು.

“ಅದು ಯಾರ್ಯಾರು ಎಷ್ಟು ಮೆಮೊರಿ ತಿಂತಿದಾರೆ ಅಂತ ಗ್ರಾಫ್ ಬರಿಯೋದು ಅತ್ತೆ. ಲೆಕ್ಕಕ್ಕೆ.”

ಅವರು ನನ್ನ ಕೈಯಿಂದ ಲ್ಯಾಪ್‌ಟಾಪ್ ಎಳೆದುಕೊಂಡು ಟೈಪ್ ಮಾಡಿದರು. ಎರಡು ಸೆಕೆಂಡಿನ ನಂತರ ಗುಮಾಸ್ತ ಕೇಳಿದ. “ನಾಲ್ಕು ಜನ ಎಷ್ಟು ಊಟ ಮಾಡ್ತಾರೆ ಅಂತ ಬರೀತಾ ಕೂತಿರೋನು ಐದನೇ ತಟ್ಟೆ ಹಾಕ್ಕೊಂಡು ತಿಂತಿದಾನಲ್ಲೇ. ಅವನ ಊಟದ ಲೆಕ್ಕ ಬರಿಯೋರು ಯಾರು?”

ನಾನು ನೋಡಿದೆ. ಲೆಕ್ಕದವನು ತಾನೊಬ್ಬನೇ ಸನ್ಯಾಸಿಯಷ್ಟು ತಿನ್ನುತ್ತಿದ್ದ. ಗೆರೆ ಎಳೆಯುವ ನೆಪದಲ್ಲಿ ಪ್ರೊಸೆಸರಿನ ಮೂರನೇ ಒಂದು ಪಾಲನ್ನೂ ಹಿಡಿದುಕೊಂಡು ಕೂತಿದ್ದ. ಹತ್ತು ವರ್ಷ ಇದೇ ಕಸುಬು ಮಾಡಿದವಳು ಐದು ದಿನ ತಕ್ಕಡಿಯ ಮೇಲೆ ನಾನೇ ನಿಂತು ತೂಕ ನೋಡಿದ್ದೆ. ಗಿರಾಕಿ ಯಾರಾದರೂ ಹೀಗೆ ಮಾಡಿದ್ದರೆ ಅಂಗಡಿಯಲ್ಲಿ ಒಂದು ತಿಂಗಳು ಹೇಳಿಕೊಂಡು ನಗುತ್ತಿದ್ದೆ. ಅತ್ತೆ ಟೈಪ್ ಮಾಡುವ ಗೋಜಿಗೂ ಹೋಗಲಿಲ್ಲ. ನೋಟ್‌ಬುಕ್ಕಿನ ಐದು ಪುಟ ತೋರಿಸಿ, ಮಷೀನಿನಿಂದ ಹಾಳೆ ಎಳೆಯುವ ಹಾಗೆ ಗಾಳಿಯಲ್ಲಿ ಕೈ ಎಳೆದರು. ಹಾಳೆ ತೆಗಿ.

ತೆಗೆದೆ. ಮೊದಲಿಂದ ಶುರು ಮಾಡಿದೆ. ಈ ಸಲ ಲೆಕ್ಕದವನನ್ನು ಹೊರಗೆ ಕಳಿಸಿ, ಬರೀ ಸ್ಟಾಪ್‌ವಾಚು. ಸಂಸಾರಸ್ಥ ಒಂದೂಕಾಲು ಸೆಕೆಂಡಿಗೆ ಬಂದ, ಬ್ರಹ್ಮಚಾರಿ ಒಂದಕ್ಕೆ. ಸನ್ಯಾಸಿ ನೂರಮೂವತ್ತು ಎಂಬಿಯಲ್ಲಿ ಕಾಲು ಮಡಚಿಕೊಂಡು ಕೂತ. ಮಾತಿಗೆ ಅರ್ಧ ಸೆಕೆಂಡೂ ಹಿಡಿಯಲಿಲ್ಲ. ಎಂಟರ್ ಒತ್ತಿದ ಬೆರಳು ಮೇಲೇಳುವಷ್ಟರಲ್ಲಿ ಗುಮಾಸ್ತ ಬಾಯಿ ಬಿಡುತ್ತಿದ್ದ. ನಾನು ಅಡುಗೆಮನೆಯಲ್ಲಿ ಕುಣಿದುಬಿಟ್ಟೆ. ನನ್ನ ಗಂಡ, “ಗೆದ್ದೆಯಲ್ಲ, ಇನ್ನಾದ್ರೂ ಮೇಜು ಬಿಟ್ಟುಕೊಡ್ತೀಯಾ? ಒಂದು ವಾರದಿಂದ ನಿಂತ್ಕೊಂಡೇ ಊಟ ಮಾಡ್ತಿದೀನಿ,” ಎಂದರು.

ಆ ಸಂಜೆ ಮೂವರೂ ಊಟಕ್ಕೆ ಕೂತೆವು. ಪರೀಕ್ಷೆಗೆಂದು ನಾನು ಬೇಕೆಂದೇ ಜಗಳ ತೆಗೆದೆ. ಸಾರಿಗೆ ಉಪ್ಪು ಜಾಸ್ತಿ ಎಂದೆ. ಸಾರು ಅತ್ತೆಯದು. ಅವರ ಕಣ್ಣು ಮಿನುಗಿತು, ಬೆರಳು ಓಡಿದವು. ನಾನು ಕಾದೆ. ಒಂದು ತುತ್ತು ತಿಂದೆ. ಇನ್ನೊಂದು ತುತ್ತು ತಿಂದೆ. ನನ್ನ ಗಂಡ ನೀರು ಕೇಳಿದರು, ಕೊಟ್ಟೆ. ಆಗ ಗುಮಾಸ್ತ, “ಉಪ್ಪು ಜಾಸ್ತಿ ಆಗಿದ್ದು ನಿನ್ನ ನಾಲಿಗೆಗೆ,” ಎಂದ. ಮಾತು ಹರಿತವೇ. ಆದರೆ ಆಗಲೇ ಆರಿಹೋಗಿತ್ತು. ಅತ್ತೆ ಲ್ಯಾಪ್‌ಟಾಪ್ ಮುಚ್ಚಿ ಊಟ ಮಾಡಿದರು. ಕಪಾಟಿನ ಕಡೆ ಒಮ್ಮೆ ನೋಡಿದ್ದು ನನ್ನ ಕಣ್ಣಿಗೆ ಬಿತ್ತು.

ಸನ್ಯಾಸಿ ಮೋಸ ಮಾಡುತ್ತಿದ್ದಾನೆ ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನ ಸ್ಥಿತಿಯೂ ಅದೇ. ಮಾರನೆಯ ದಿನ ರಜೆ ಹಾಕಿ ಮತ್ತೆ ಅಳೆದೆ, ಅರ್ಧ ಸೆಕೆಂಡೇ. ನಾನು ಟೈಪ್ ಮಾಡಿದರೆ ತಕ್ಷಣ, ಅತ್ತೆ ಟೈಪ್ ಮಾಡಿದರೆ ತಡ. ನಿಮಿಷಕ್ಕೆ ಅರವತ್ತು ಪದ ಹೊಡೆಯುವವರು ಅವರು, ಮೂವತ್ತೈದರ ಮೇಲೆ ಹೋಗದವಳು ನಾನು. ಇದು ಯಾವ ಲೆಕ್ಕ?

ಇಷ್ಟು ದಿನ ನಾನು ಪರದೆಯನ್ನೇ ನೋಡಿದ್ದೆ. ಆ ಮಧ್ಯಾಹ್ನ ಅವರ ಪಕ್ಕದಲ್ಲಿ ಕೂತು ಅವರ ಕೈ ನೋಡಿದೆ. ಬೆರಳುಗಳು ಬಿರುಸಾಗಿಯೇ ಓಡಿದವು. ಮುಕ್ಕಾಲು ಸಾಲು ಆಗುವಷ್ಟರಲ್ಲಿ ಉಂಗುರದ ಬೆರಳು ಒಂದು ಕೀ ಪಕ್ಕಕ್ಕೆ ಬಿತ್ತು. ವಯಸ್ಸು, ಬೆರಳ ಗಿಣ್ಣು ಸ್ವಲ್ಪ ಬಿಗಿ, ಅಷ್ಟೇ. ಯಾರಾದರೂ ಆ ಒಂದು ಅಕ್ಷರ ತಿದ್ದಿಕೊಂಡು ಮುಂದೆ ಹೋಗುತ್ತಾರೆ. ಅತ್ತೆಯ ಬಲಗೈ ಕಿರುಬೆರಳು ಮೇಲೆ ಹೋಗಿ ಬ್ಯಾಕ್‌ಸ್ಪೇಸ್ ಮೇಲೆ ಕೂತಿತು, ಏಳಲಿಲ್ಲ. ಇಡೀ ಸಾಲು ಹಿಂದಕ್ಕೆ ಸರಿಯುತ್ತ ಸರಿಯುತ್ತ ಮೊದಲಕ್ಷರದವರೆಗೆ ಅಳಿಸಿಹೋಯಿತು. ಬಯಲಾದ ಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ, ಹತ್ತೂ ಬೆರಳನ್ನು ತಮ್ಮ ತಮ್ಮ ಜಾಗದಲ್ಲಿಟ್ಟು, ಮೊದಲಿನಿಂದ ಶುರು ಮಾಡಿದರು. ಎರಡನೆಯ ಸಲ ಕೊನೆಯ ಪದದಲ್ಲಿ ತಪ್ಪಿತು. ಮತ್ತೆ ಬಯಲು, ಮತ್ತೆ ಮೊದಲಿಂದ.

ಹಾಳೆ ತೆಗೆಯುತ್ತಿದ್ದರು. ಒಂದು ವರ್ಷದಿಂದ ಪ್ರತಿ ಮಾತಿಗೂ ಯಾರಿಗೂ ಹೇಳದೆ ಹಾಳೆ ತೆಗೆಯುತ್ತಿದ್ದರು.

“ಅತ್ತೆ,” ಎಂದೆ. “ಬ್ಯಾಕ್‌ಸ್ಪೇಸ್ ಯಾಕೆ ಒತ್ತುತ್ತೀರಿ?”

ತಪ್ಪಾಯಿತಲ್ಲ ಎಂಬಂತೆ ನೋಡಿದರು.

“ತಪ್ಪಾದ್ರೆ ಆಗ್ಲಿ. ಹಾಗೇ ಎಂಟರ್ ಹೊಡೀರಿ. ಗುಮಾಸ್ತ ಹೇಗೋ ಓದ್ತಾನೆ, ನಮಗೆ ಅರ್ಥ ಆಗತ್ತೆ.”

ಅವರು ನಿಧಾನವಾಗಿ, ಒಂದೂ ತಪ್ಪಿಲ್ಲದೆ ಟೈಪ್ ಮಾಡಿದರು. ಗುಮಾಸ್ತ ಓದಿದ. “ನಲವತ್ತು ವರ್ಷ ತಪ್ಪಿರೋ ಒಂದು ಹಾಳೆಗೂ ನಾನು ಸಹಿ ಹಾಕಿಲ್ಲ. ತಪ್ಪಾಗಿ ಆಡೋದಕ್ಕಿಂತ ಸುಮ್ನಿರೋದು ವಾಸಿ.”

ಅಲ್ಲಿಗೆ ನನ್ನ ತಾಳ್ಮೆ ಕೆಟ್ಟಿತು. “ಬಾಯಲ್ಲಿ ಆಡ್ತಿದ್ದಾಗ ತಪ್ಪೇ ಆಡ್ಲಿಲ್ವಾ ನೀವು? ಅರ್ಧ ಮಾತು ನುಂಗ್ತಿದ್ರಿ. ನನ್ನನ್ನ ಬೈಯೋಕೆ ಹೋಗಿ ಬೆಕ್ಕಿನ ಹೆಸರು ಕರೀತಿದ್ರಿ. ನಮ್ಮನೇಲಿ ಬೆಕ್ಕು ಸತ್ತು ಎಂಟು ವರ್ಷ ಆಗಿತ್ತು! ಆಗೆಲ್ಲ ಬಾಯಿ ಮುಚ್ಚಿ ಮೊದಲಿಂದ ಶುರು ಮಾಡ್ತಿದ್ರಾ? ಮಾತು ಅಂದ್ರೆ ಹಾಳೆ ಅಲ್ಲ ಅತ್ತೆ. ನಂಗೆ ನಿಮ್ಮ ಹಾಳೆ ಬೇಡ. ನಂಗೆ ನಿಮ್ಮ ಬೈಗುಳ ಬೇಕು. ಒಂದು ವರ್ಷದಿಂದ ನಾನು ಹತ್ತು ನಿಮಿಷ ಅಲ್ಲ, ಅರ್ಧ ಗಂಟೆ ಲೇಟಾಗಿ ಬರ್ತಿದೀನಿ. ಯಾಕೆ ಬರ್ತಿದೀನಿ ಗೊತ್ತಾ? ಬೈತೀರೇನೋ ಅಂತ.”

ಇಷ್ಟು ಹೇಳಿ ನಾನು ಅಳಲು ಶುರು ಮಾಡಿದೆ, ಹದಿನಾರನೆಯ ಹಾಳೆಯ ದಿನ ಅತ್ತ ಹಾಗೆಯೇ. ಅತ್ತೆ ಸೆರಗಿನ ತುದಿಯಿಂದ ನನ್ನ ಮೂಗು ಒರೆಸಿದರು, ಆಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡು ತಮ್ಮ ಕೋಣೆಗೆ ಹೋದರು. ಶುಕ್ರವಾರ, ಶನಿವಾರ ಎರಡೂ ದಿನ ಗುಮಾಸ್ತನ ದನಿ ಕೇಳಲಿಲ್ಲ. ನಾನು ಕೆಡಿಸಿದೆ ಎಂದುಕೊಂಡೆ. ಅಳೆಯಬಾರದ್ದನ್ನು ಅಳೆಯಲು ಹೋಗಿ ಅವರ ಮಾನಕ್ಕೇ ಕೈ ಹಾಕಿದೆ ಎಂದು ಸಂಕಟವಾಯಿತು.

ಭಾನುವಾರ ಹನ್ನೊಂದಕ್ಕೆ ಚಿಕ್ಕತ್ತೆ ಬಂದರು. ದನಿ ಹೋದವರಿಗೆ ಕಿವಿಯೂ ಹೋಗಿರುತ್ತದೆ ಎಂದು ಯಾರೋ ಹೇಳಿಕೊಟ್ಟ ಹಾಗೆ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡಿದರು. ಒಂದು ಮಾತಾಡಿ ನಿಲ್ಲಿಸುವುದು, ಕೈಕಟ್ಟಿ ಉತ್ತರಕ್ಕೆ ಕಾಯುವುದು, ಉತ್ತರ ಬಂದ ಮೇಲೆ “ಓಹೋ, ಹೌದಾ ಅಕ್ಕಾ?” ಎನ್ನುವುದು. ನಾಲಿಗೆಗೆ ಲಗಾಮು ಇಲ್ಲದ ಹೆಂಗಸು ಅಕ್ಕನ ಮೇಲಿನ ಪ್ರೀತಿಗೆ ಅಷ್ಟು ಕಷ್ಟಪಡುತ್ತಿದ್ದರು. ಅತ್ತೆಯೂ ಹಾಗೇ, ತಪ್ಪಿಲ್ಲದ ಸಾಲುಗಳಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರು ಅಧಿಕಾರಿಗಳು ಪತ್ರ ವ್ಯವಹಾರ ನಡೆಸುತ್ತಿದ್ದ ಹಾಗಿತ್ತು. ಊಟವಾಯಿತು. ಮೂರು ಗಂಟೆಯಾಯಿತು. ನಾಯಿಯ ಸುದ್ದಿಯೇ ಇಲ್ಲ. ಅದನ್ನು ತೆಗೆಯುವುದಿಲ್ಲ ಎಂದು ಚಿಕ್ಕತ್ತೆ ನಿಶ್ಚಯ ಮಾಡಿಕೊಂಡು ಬಂದಿದ್ದಾರೆಂದು ನನಗೆ ಆಗ ಹೊಳೆಯಿತು. ನಾನು ಎರಡು ವಾರ ಸಿದ್ಧತೆ ಮಾಡಿದ್ದ ಪರೀಕ್ಷೆಯ ಪ್ರಶ್ನೆಪತ್ರಿಕೆಯೇ ಬರಲಿಲ್ಲ.

“ನಾಲ್ಕು ಗಂಟೆ ಬಸ್ಸಿಗೆ ಹೊರಡ್ತೀನಿ ಅಕ್ಕಾ,” ಎಂದು ಚಿಕ್ಕತ್ತೆ ಚೀಲ ಹುಡುಕಿದರು.

“ನಯಿ ಕಥೆ ಹೇಳೆ,” ಎಂದ ಗುಮಾಸ್ತ.

ನಾನು ಅತ್ತೆಯ ಕೈ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು.

“ಬೇಡ ಬಿಡಕ್ಕಾ, ಎಷ್ಟು ಸಲ ಅದನ್ನೇ ಕೇಳ್ತೀಯ,” ಎಂದು ಚಿಕ್ಕತ್ತೆ ನನ್ನ ಕಡೆ ಸಹಾಯಕ್ಕೆ ನೋಡಿದರು. ನಾನು ನೋಡಿದರೂ ನೋಡದ ಹಾಗೆ ಕೂತೆ.

“ಹೇಳೇ,” ಎಂದ ಗುಮಾಸ್ತ.

ಚಿಕ್ಕತ್ತೆ ಒಲ್ಲದ ಮನಸ್ಸಿನಿಂದ ಶುರು ಮಾಡಿದರು. ಆದರೆ ಕಥೆಗೆ ಅದರದೇ ಕಾಲಿದೆ. ಗಲ್ಲಿಯ ತಿರುವಿಗೆ ಬರುವಷ್ಟರಲ್ಲಿ ದನಿ ಏರಿತು, ಅಕ್ಕ ಗೋಡೆಗೆ ಅಂಟುವಷ್ಟರಲ್ಲಿ ಕೈ ಬೀಸತೊಡಗಿದರು, ಚೀಲ ತೆಗೆಯುವಾಗ ಎದ್ದು ನಿಂತರು. “ನಾಯಿ ಬಾಯಿ ತೆಗೆದು ನನ್ ಮೇಲೇ ಹಾರ್ತು!” ಎಂದು ಉಸಿರು ಎಳೆದುಕೊಂಡರು.

ಅತ್ತೆಯ ಬೆರಳು ಓಡುತ್ತಿದ್ದವು. ಉಂಗುರದ ಬೆರಳು ಜಾರಿದ್ದನ್ನು ನಾನು ಕಂಡೆ. ಅವರೂ ಕಂಡರು. ಕಿರುಬೆರಳು ತನ್ನಷ್ಟಕ್ಕೆ ಮೇಲೆ ಹೋಗಿ ಬ್ಯಾಕ್‌ಸ್ಪೇಸ್ ಮೇಲೆ ನಿಂತಿತು. ಅದರ ಕೆಳಗೆ ಎರಡು ಬೆರಳಗಲ ದೂರದಲ್ಲಿ ಎಂಟರ್. ನಲವತ್ತು ವರ್ಷ, ಎಷ್ಟು ಸಾವಿರ ಹಾಳೆಯೋ ಯಾರಿಗೆ ಗೊತ್ತು. ಬೆರಳು ಕೆಳಗಿಳಿಯಿತು.

“ಅ ನಾಯಗೆ ಹಲೇ ಇರ್ಲಿಲಲ,” ಎಂದ ಗುಮಾಸ್ತ, ಬಾಯಲ್ಲಿ ನೀರು ತುಂಬಿಕೊಂಡವನ ಹಾಗೆ.

ಚಿಕ್ಕತ್ತೆಯ ಉಸಿರು ಇನ್ನೂ ಒಳಗೇ ಇತ್ತು. ಅದು ಕೂಗಾಗಿ ಹೊರಬಂತು. “ಇತ್ತು! ನಾಲ್ಕಿತ್ತು! ನಾನೇ ಎಣಿಸಿದೀನಿ!” ತೊಡೆ ತಟ್ಟಿಕೊಂಡು ಕುರ್ಚಿಯಲ್ಲಿ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಅಕ್ಕಾ, ನಿನ್ನ ಗುಮಾಸ್ತ ಏನೇ, ಹಗಲಲ್ಲೇ ಕುಡಿದಿದಾನಾ?” ಎಂದರು.

“ನಿನ ಕಥೆ ಕುಡೀದೆ ಯರು ಕೇಳತಾರೆ,” ಎಂದ ಗುಮಾಸ್ತ ತಕ್ಷಣ.

ಅತ್ತೆಯ ಹೆಗಲು ಅಲುಗುತ್ತಿದ್ದವು. ದನಿಯಿಲ್ಲದ ನಗು ಅದು. ಅವರು ನಗುವುದನ್ನೇ ನಾನು ಮರೆತುಬಿಟ್ಟಿದ್ದೆ. ಚಿಕ್ಕತ್ತೆ ಅದಕ್ಕೊಂದು ಅಂದರು, ಅತ್ತೆ ಇನ್ನೊಂದು ಹೊಡೆದರು. ನಡುವೆ ಒಮ್ಮೆ ಅಭ್ಯಾಸಬಲದಿಂದ ಕಿರುಬೆರಳು ಮತ್ತೆ ಮೂಲೆಗೆ ಹೋಯಿತು. ಅತ್ತೆ ಅದನ್ನು ತುಂಟ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿ, ಉಗುರು ತೂರಿಸಿ ಬ್ಯಾಕ್‌ಸ್ಪೇಸ್ ಕೀಯನ್ನೇ ಟಕ್ಕೆಂದು ಕಿತ್ತು, ನನ್ನ ಮಡಿಲಿಗೆ ಎಸೆದು ಮಾತು ಮುಂದುವರಿಸಿದರು. ನಾಲ್ಕು ಗಂಟೆಯ ಬಸ್ಸು ಹೋಯಿತು. ಐದರದೂ ಹೋಯಿತು. ಸಾಲುಗಳು ಎಡವುತ್ತಿದ್ದವು, ಪದಗಳಿಗೆ ಬಾಲವಿರಲಿಲ್ಲ, ಗುಮಾಸ್ತ ತೊದಲುತ್ತಿದ್ದ. ಒಂದು ಮಾತೂ ತಡವಾಗಿ ಬರಲಿಲ್ಲ.

ಆರು ಗಂಟೆಯ ಬಸ್ಸಿಗೆ ಚಿಕ್ಕತ್ತೆಯನ್ನು ಹತ್ತಿಸಿ ನಾನು ಮನೆಗೆ ಬಂದೆ. ದಾರಿಯಲ್ಲಿ ಬೇಕೆಂದೇ ನಿಧಾನ ಮಾಡಿದ್ದೆ. ಸ್ಟಾಪ್‌ವಾಚು ಇನ್ನೂ ಕೊರಳಲ್ಲಿತ್ತು. ಅತ್ತೆ ಮಧ್ಯಾಹ್ನದಿಂದ ಮಾಡಿದ ತಪ್ಪುಗಳನ್ನು, ಶಿಷ್ಯೆಯಲ್ಲವೇ, ನಾನು ಅವರ ಕಣ್ಣೆದುರೇ ಬೆರಳು ಮಡಚಿ ಒಂದೊಂದಾಗಿ ಎಣಿಸಿಟ್ಟಿದ್ದೆ. ಅವರು ಹಜಾರದಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಬಾಗಿಲ ಕಡೆಗೇ ತಿರುಗಿ ಕೂತಿದ್ದರು. ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡೇಬಿಡೋಣವೆಂದು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಚಪ್ಪಲಿಯನ್ನೂ ಬಿಡದೆ ಹೇಳಿದೆ.

“ಅತ್ತೆ, ನಲವತ್ತೊಂದು.”

“ಅರ್ದ ಗಂಟೆ ಲೇಟು, ಮೇಲೆ ಲೆಕ್ಕ ಬೇರೆ. ಒಳಗ್ ಬಂದು ಟೀ ಇಡೇ ಹದಿನರು,” ಎಂದ ಗುಮಾಸ್ತ. ನಾನು ಬಾಗಿಲಿಗೆ ಬರುವ ಮೊದಲೇ ಅವರು ಅದನ್ನು ಟೈಪ್ ಮಾಡಿಟ್ಟುಕೊಂಡು, ಕಿರುಬೆರಳನ್ನು ಎಂಟರ್ ಮೇಲಿಟ್ಟು ಕಾಯುತ್ತಿದ್ದರು. ಗುಂಡಿ ಒತ್ತಲು ನನಗೆ ಪುರುಸೊತ್ತೇ ಸಿಗಲಿಲ್ಲ.